ಮೊದಲ ಕೆಲಸ ಎಲ್ಲಿ? ಸಣ್ಣ ಸ್ಟುಡಿಯೋ, ದೊಡ್ಡ ಕಂಪನಿ, ಸೈಟು, ಮಾಸ್ಟರ್ಸ್: ಹೊಸ ಆರ್ಕಿಟೆಕ್ಟುಗಳಿಗೆ ಒಂದು ಹೋಲಿಕೆ

ಆರ್ಕಿಟೆಕ್ಚರ್ ಓದು ಮುಗಿಯುವ ಹೊತ್ತಿಗೆ ಎಲ್ಲರ ತಲೆಯಲ್ಲೂ ಇದೇ ಗೊಂದಲ. ಐದಾರು ಜನರ ಸ್ಟುಡಿಯೋಗೆ ಸೇರಬೇಕಾ, ನೂರಾರು ಜನ ಇರುವ ಕಂಪನಿಗಾ, ಕಟ್ಟುವವರ ಜೊತೆ ಸೈಟಿಗೆ ಇಳಿಯಬೇಕಾ, ಇಲ್ಲ ಮಾಸ್ಟರ್ಸ್‌ಗೆ ಅರ್ಜಿ ಹಾಕಿಬಿಡಬೇಕಾ? ನೇರವಾಗಿ ಸ್ವಂತ ಬೋರ್ಡು ಹಾಕುವ ಆಸೆ ಇರುವವರೂ ಇದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಫೀಸಿನ ಹೆಸರು, ಅದಕ್ಕೆ ಬಂದ ಪ್ರಶಸ್ತಿ, ಇನ್‌ಸ್ಟಾಗ್ರಾಮ್‌ನಲ್ಲಿರುವ ಫೋಟೋಗಳು, ಇವನ್ನೆಲ್ಲ ಸದ್ಯಕ್ಕೆ ಬದಿಗಿಡಿ. ಮೊದಲ ಎರಡು ಮೂರು ವರ್ಷಕ್ಕೆ ಎರಡೇ ವಿಷಯ ನೋಡಿ. ನೀವು ಬರೆದ ಡ್ರಾಯಿಂಗನ್ನು ಪಕ್ಕದಲ್ಲಿ ಕೂತು ತಿದ್ದುವವರು ಯಾರಾದರೂ ಇದ್ದಾರಾ? ಆ ಡ್ರಾಯಿಂಗ್ ಸೈಟಿನಲ್ಲಿ ಏನಾಯಿತು ಅಂತ ನೋಡಿಕೊಂಡು ಬರಲು ನಿಮ್ಮನ್ನು ಕಳಿಸುತ್ತಾರಾ? ಈ ಎರಡಕ್ಕೂ ಹೌದು ಅನ್ನುವ ಜಾಗ ಸಿಕ್ಕರೆ ಅದು ಸಣ್ಣದೋ ದೊಡ್ಡದೋ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಯಾಕೆ ಅಂತ ಒಂದು ಮೆಟ್ಟಿಲಿನಿಂದ ಹೇಳುತ್ತೇನೆ. ಮಹಡಿಯಿಂದ ಮಹಡಿಗೆ 3150 ಮಿ.ಮೀ. ಎತ್ತರ ಅಂದುಕೊಳ್ಳಿ. 21 ರೈಸರ್, ಅಂದರೆ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವ ಎತ್ತರ, ಒಂದೊಂದು 150. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ಸೈಟಿನವರು ಅದೇ ಅಳತೆಗೆ ಕಾಂಕ್ರೀಟ್ ಹಾಕಿದರು. ಆಮೇಲೆ ಫ್ಲೋರಿಂಗ್ ಬಂತು. ಮಹಡಿಗಳಲ್ಲಿ ಗಾರೆ ಮತ್ತು ಕಲ್ಲು ಸೇರಿ 50 ಮಿ.ಮೀ., ಮೆಟ್ಟಿಲಿನ ಮೇಲೆ ಬರೀ 20. ಕೆಳಗಿನ ನೆಲ 50 ಮೇಲೆದ್ದಿತು, ಮೊದಲ ಮೆಟ್ಟಿಲು ಎದ್ದದ್ದು 20 ಮಾತ್ರ, ಹಾಗಾಗಿ ಮೊದಲ ರೈಸರ್ 120ಕ್ಕೆ ಇಳಿಯಿತು. ಮೇಲಿನ ತುದಿಯಲ್ಲಿ ಉಲ್ಟಾ, ಕೊನೆಯ ರೈಸರ್ 180 ಆಯಿತು. ನಡುವಿನ 19 ರೈಸರ್ ಹತ್ತಿದ ಕಾಲಿಗೆ 150 ಅಭ್ಯಾಸ ಆಗಿಬಿಟ್ಟಿರುತ್ತದೆ, ಕೊನೆಯದರಲ್ಲಿ ಎಡವುತ್ತದೆ. ಇಳಿಯುವಾಗ ಇನ್ನೂ ಅಪಾಯ. ಅನುಭವ ಇರುವವರು ನಿಮ್ಮ ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ಡ್ರಾಯಿಂಗ್) ನೋಡಿದ ಕೂಡಲೇ ಪೆನ್ಸಿಲ್ ಇಟ್ಟು ಕೇಳುತ್ತಾರೆ: ‘ಇದು ಸ್ಲ್ಯಾಬ್ ಲೆವೆಲ್ಲಾ, ಫಿನಿಶ್ ಆದ ಮೇಲಿನ ಲೆವೆಲ್ಲಾ?’ ಆ ಒಂದು ಪ್ರಶ್ನೆ ಕೇಳಿಸಿಕೊಂಡವರು ಮುಂದೆ ಯಾವ ಮೆಟ್ಟಿಲು ಬರೆದರೂ ಮರೆಯುವುದಿಲ್ಲ. ಕೇಳುವವರೇ ಇಲ್ಲದ ಕಡೆ ನೀವು ಎಷ್ಟು ಚೆಂದದ ರೆಂಡರ್ ಮಾಡಿದರೂ ಈ ತಿಳಿವಳಿಕೆ ಬರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಅಮೆರಿಕದಲ್ಲಿ ಲೈಸೆನ್ಸ್ ಬೇಕಾದರೆ ‘ಎಎಕ್ಸ್‌ಪಿ’ ಎಂಬ ಅನುಭವದ ಕಾರ್ಯಕ್ರಮ ಮುಗಿಸಬೇಕು. ಒಟ್ಟು 3740 ಗಂಟೆ, ಆರು ಭಾಗ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು, 1520 ಗಂಟೆ, ಕಟ್ಟಡವನ್ನು ವಿವರವಾಗಿ ಬೆಳೆಸಿ ಡ್ರಾಯಿಂಗು ದಾಖಲೆ ತಯಾರಿಸುವ ಕೆಲಸಕ್ಕೆ. ಯೋಜನೆ ಮತ್ತು ಡಿಸೈನ್‌ಗೆ 1080. ಕಟ್ಟುವ ಹಂತದ ಕೆಲಸಕ್ಕೆ 360. ಕಾಲೇಜಿನ ಸ್ಟುಡಿಯೋದಲ್ಲಿ ಐಡಿಯಾಗೆ ಎಷ್ಟು ಸಮಯ ಹೋಗುತ್ತದೆ, ವರ್ಕಿಂಗ್ ಡ್ರಾಯಿಂಗಿಗೆ (ಸೈಟಿನಲ್ಲಿ ನೋಡಿ ಕಟ್ಟಲು ಅಳತೆ, ವಿವರ ಹಾಕಿದ ಡ್ರಾಯಿಂಗ್) ಎಷ್ಟು ಹೋಗುತ್ತದೆ ಅಂತ ನೆನಪಿಸಿಕೊಂಡರೆ ಈ ಅಂಕಿ ಬೇರೆಯೇ ಕಥೆ ಹೇಳುತ್ತದೆ ಅಲ್ವಾ? ಕಾಲೇಜು ಕೊಡದೆ ಬಿಟ್ಟದ್ದನ್ನು ಮೊದಲ ಕೆಲಸ ತುಂಬಬೇಕು. ನೀವು ಯಾವ ದೇಶದಲ್ಲಿದ್ದರೂ ಸೇರುವ ಮುಂಚೆ ಅಲ್ಲಿನ ನಿಯಮ ಓದಿಕೊಳ್ಳಿ. ಭಾರತದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಮಾಡಿಸದೆ ‘ಆರ್ಕಿಟೆಕ್ಟ್’ ಅನ್ನುವ ಬಿರುದು ಹಾಕಿಕೊಳ್ಳುವ ಹಾಗಿಲ್ಲ. ಕೆಲವು ಕಡೆ ಅನುಭವವನ್ನು ಲೈಸೆನ್ಸ್ ಇರುವವರ ಕೈಕೆಳಗೇ ಪಡೆದಿರಬೇಕು, ಇಲ್ಲದಿದ್ದರೆ ಎಷ್ಟು ದುಡಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ.

ಈಗ ಒಂದೊಂದಾಗಿ ನೋಡೋಣ.

ಸಣ್ಣ ಸ್ಟುಡಿಯೋ

ಹತ್ತು ಜನರೊಳಗಿನ ಆಫೀಸಿನ ದೊಡ್ಡ ಲಾಭ ಅಂದರೆ ಒಂದು ಕಟ್ಟಡ ಮೊದಲಿನಿಂದ ಕೊನೆಯವರೆಗೆ ನಿಮ್ಮ ಕಣ್ಣ ಮುಂದೆ ಹಾದುಹೋಗುತ್ತದೆ. ಬ್ರಿಟನ್ನಿನ ಆರ್ಕಿಟೆಕ್ಟುಗಳ ಸಂಸ್ಥೆ ಆರ್‌ಐಬಿಎ ಒಂದು ಕಟ್ಟಡದ ಕೆಲಸವನ್ನು 0ಯಿಂದ 7ರವರೆಗೆ ಎಂಟು ಹಂತ ಅಂತ ಭಾಗ ಮಾಡಿದೆ. ಬೇಕಾ ಬೇಡವಾ ಅನ್ನುವ ಯೋಚನೆಯಿಂದ ಶುರುವಾಗಿ, ಕಾನ್ಸೆಪ್ಟ್, ತಾಂತ್ರಿಕ ಡಿಸೈನ್, ಕಟ್ಟುವುದು, ಒಪ್ಪಿಸುವುದು, ಕೊನೆಗೆ ಜನ ಬಳಸುವುದು. ಈ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಯಾವ ಆಫೀಸಿನಲ್ಲಿ ನಿಮಗೆ ಎಷ್ಟು ಹಂತ ಸಿಗುತ್ತದೆ ಅಂತ ಗುರುತು ಹಾಕಿ ನೋಡಿ, ಹೋಲಿಕೆ ಅರ್ಧ ಮುಗಿದಂತೆ. ಒಂದು ಮನೆ ಒಂದೂವರೆ ಎರಡು ವರ್ಷದಲ್ಲಿ ಮುಗಿದುಬಿಡಬಹುದು. ಆಸ್ಪತ್ರೆ, ವಿಮಾನ ನಿಲ್ದಾಣ ಅಂದರೆ ಐದು ವರ್ಷವೂ ಸಾಲದು, ನಡುವೆ ಸೇರಿ ನಡುವೆಯೇ ಬಿಟ್ಟರೆ ನಿಮಗೆ ಸಿಗುವುದು ಅದರ ಒಂದು ತುಂಡು.

ಸಣ್ಣ ಆಫೀಸಿನಲ್ಲಿ ಬೆಳಿಗ್ಗೆ ಅನುಮತಿಗೆ ಕೊಡುವ ಪ್ಲಾನು, ಮಧ್ಯಾಹ್ನ ಕ್ಲೈಂಟಿನ ಜೊತೆ ಅಡುಗೆಮನೆ ಕಟ್ಟೆಯ ಎತ್ತರದ ಚರ್ಚೆ, ಸಂಜೆ ಸೈಟಿನಿಂದ ಫೋನು: ‘ಕಿಟಕಿ ಲಿಂಟೆಲ್ ಬೀಮಿಗೆ ಹೊಡೆಯುತ್ತಿದೆ, ಏನು ಮಾಡಲಿ?’ ಉತ್ತರ ನೀವೇ ಕೊಡಬೇಕು, ಅಥವಾ ತಕ್ಷಣ ಕೇಳಿ ಹೇಳಬೇಕು. ಹೀಗೆ ಸಿಗುವ ಧೈರ್ಯ ಬೇರೆ ಯಾವ ದಾರಿಯಲ್ಲೂ ಇಷ್ಟು ಬೇಗ ಸಿಗುವುದಿಲ್ಲ. ಕ್ಲೈಂಟಿನ ಮಾತು ಕೇಳಿಸಿಕೊಳ್ಳುವುದು, ಫೀಸು ಯಾಕೆ ತಡವಾಗುತ್ತದೆ, ಒಂದು ಟೈಲ್ ಬದಲಾಯಿಸಿದರೆ ಎಸ್ಟಿಮೇಟ್ ಎಲ್ಲೆಲ್ಲಿ ಏರುತ್ತದೆ, ಇದೆಲ್ಲ ಕಿವಿಗೆ ಬೀಳುತ್ತಲೇ ಇರುತ್ತದೆ.

ತೊಂದರೆಗಳೂ ಸಣ್ಣವಲ್ಲ. ಎಲ್ಲವೂ ಒಬ್ಬ ಯಜಮಾನರ ಮೇಲೆ ನಿಂತಿರುತ್ತದೆ. ಅವರಿಗೆ ಕಲಿಸುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅವರು ಸದಾ ಓಡಾಟದಲ್ಲಿದ್ದು, ನೀವು ಕಳಿಸಿದ ಡ್ರಾಯಿಂಗಿಗೆ ವಾಟ್ಸಾಪ್‌ನಲ್ಲಿ ಹೆಬ್ಬೆರಳು ತೋರಿಸಿ ಮುಗಿಸಿದರೆ, ಇಬ್ಬರೂ ಕಲಿಯದೆ ಉಳಿಯುತ್ತೀರಿ. ಕ್ಲೈಂಟು ಹಣ ತಡ ಮಾಡಿದರೆ ಸಂಬಳವೂ ತಡ. ಇನ್ನೊಂದು ಅಪಾಯ ಇದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಿಮಗೆ ತ್ರೀಡಿ ಚೆನ್ನಾಗಿ ಬರುತ್ತದೆ ಅಂತ ಗೊತ್ತಾದರೆ ಎರಡು ವರ್ಷ ಬರೀ ತ್ರೀಡಿಯನ್ನೇ ಮಾಡಿಸುತ್ತಾರೆ. ಅದಕ್ಕೇ ಸೇರುವಾಗಲೇ ‘ವರ್ಕಿಂಗ್ ಡ್ರಾಯಿಂಗೂ ನನಗೆ ಕೊಡಿ’ ಅಂತ ಬಾಯಿಬಿಟ್ಟು ಕೇಳಿ.

ದೊಡ್ಡ ಕಂಪನಿ

ಇಲ್ಲಿ ಸಿಗುವುದು ಶಿಸ್ತು. ಡ್ರಾಯಿಂಗಿಗೆ ನಂಬರ್ ಹೇಗೆ ಕೊಡಬೇಕು, ರಿವಿಷನ್ ಹೇಗೆ ದಾಖಲಿಸಬೇಕು, ಸ್ಟ್ರಕ್ಚರಲ್, ಎಲೆಕ್ಟ್ರಿಕಲ್, ಪ್ಲಂಬಿಂಗ್, ಎಸಿ, ಫೈರ್, ಫಸಾಡ್ ಹೀಗೆ ಆರೇಳು ಕನ್ಸಲ್ಟಂಟುಗಳನ್ನು ಒಂದೇ ಮಾಡೆಲ್‌ನಲ್ಲಿ ಹೇಗೆ ಕೂಡಿಸಬೇಕು ಅಂತ ನೋಡುತ್ತೀರಿ. ಎಸಿ ಡಕ್ಟ್ ಬೀಮಿನ ಒಳಗೆ ತೂರಿಕೊಂಡು ಹೋಗುತ್ತಿರುವುದನ್ನು ರೆವಿಟ್, ಆರ್ಕಿಕ್ಯಾಡ್‌ನಂಥ ಸಾಫ್ಟ್‌ವೇರ್‌ನಲ್ಲಿ ಮೊದಲೇ ಹಿಡಿಯುವುದಕ್ಕೂ, ಕಾಂಕ್ರೀಟ್ ಹಾಕಿದ ಮೇಲೆ ಕೊರೆಯುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ ಅನ್ನುವುದು ಇಲ್ಲಿ ಬೇಗ ಅರ್ಥವಾಗುತ್ತದೆ. ಸಂಬಳ ಸರಿಯಾದ ದಿನಕ್ಕೆ ಬರುತ್ತದೆ, ರಜೆ ಲೆಕ್ಕದಲ್ಲಿರುತ್ತದೆ, ಮುಂದೆ ಬೇರೆ ಊರಿಗೆ ದೇಶಕ್ಕೆ ಹೋಗುವಾಗ ಕಂಪನಿಯ ಹೆಸರು ಬಾಗಿಲು ತೆಗೆಸುತ್ತದೆ. ಇವನ್ನು ಹಗುರವಾಗಿ ನೋಡಬೇಡಿ, ಓದಿಗೆ ಸಾಲ ಮಾಡಿದವರಿಗೆ ಇದೇ ಮುಖ್ಯ.

ಆದರೆ ಇಲ್ಲಿ ನೀವು ಒಂದೇ ಹಂತದಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಜಾಸ್ತಿ. ಟಾಯ್ಲೆಟ್ ಡೀಟೇಲ್, ಬಾಗಿಲಿನ ಷೆಡ್ಯೂಲ್ (ಎಲ್ಲ ಬಾಗಿಲುಗಳ ವಿವರದ ಪಟ್ಟಿ), ಸೀಲಿಂಗ್ ಪ್ಲಾನು, ಮತ್ತೆ ಟಾಯ್ಲೆಟ್. ಇದನ್ನು ಕೀಳು ಕೆಲಸ ಅಂತ ಬೇಸರ ಮಾಡಿಕೊಳ್ಳುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. 300 ಬಾಗಿಲಿರುವ ಕಟ್ಟಡದ ಷೆಡ್ಯೂಲ್ ಒಮ್ಮೆ ಮನಸ್ಸಿಟ್ಟು ಮಾಡಿ ನೋಡಿ. ಪ್ರತಿ ಬಾಗಿಲಿಗೂ ಎಷ್ಟು ಅಗಲ, ಯಾವ ಕಡೆ ತೆರೆಯಬೇಕು, ಬೆಂಕಿಯನ್ನು ಎಷ್ಟು ಹೊತ್ತು ತಡೆಯಬೇಕು, ಯಾವ ಬೀಗ, ವೀಲ್‌ಚೇರಿನಲ್ಲಿ ಬರುವವರಿಗೆ ಹೊಸ್ತಿಲು ಅಡ್ಡ ಬರುತ್ತದಾ, ಅವಸರದಲ್ಲಿ ಹೊರಗೆ ಓಡುವವರಿಗೆ ತಳ್ಳಿದರೆ ತೆರೆಯುತ್ತದಾ. ಅಷ್ಟೂ ಉತ್ತರ ಬರೆಯುವಷ್ಟರಲ್ಲಿ ಬಿಲ್ಡಿಂಗ್ ಕೋಡಿನ ಅರ್ಧ ತಲೆಗೆ ಹತ್ತಿರುತ್ತದೆ. ಒಂದು ಸಲ ಮಾಡಿ, ಚೆನ್ನಾಗಿ ಮಾಡಿ. ಎರಡನೇ ಸಲವೂ ಅದನ್ನೇ ಕೊಟ್ಟರೆ ಬೇರೆ ಕೆಲಸ ಕೇಳಿ. ಮೂರನೇ ಸಲ ಕೊಟ್ಟರೆ ಬೇರೆ ಕಡೆ ಹುಡುಕಿ.

ದೊಡ್ಡ ಕಂಪನಿ ಅಂದರೆ ಭದ್ರ ಕೆಲಸ ಅಂದುಕೊಳ್ಳುವುದೂ ಪೂರ್ತಿ ಸರಿಯಲ್ಲ. 2008ರ ಆರ್ಥಿಕ ಕುಸಿತದಲ್ಲಿ ಅಮೆರಿಕ, ಯುರೋಪಿನ ದೊಡ್ಡ ಆಫೀಸುಗಳೇ ಸಾಲುಸಾಲಾಗಿ ಜನರನ್ನು ತೆಗೆದವು. ಕಟ್ಟಡ ಕಟ್ಟುವ ಹಣ ನಿಂತರೆ ಮೊದಲ ಏಟು ಬೀಳುವುದು ಡ್ರಾಯಿಂಗ್ ಬರೆಯುವವರಿಗೇ.

ಯಾವುದೂ ತೋಚದಿದ್ದರೆ 15ರಿಂದ 40 ಜನರ ನಡುವಿನ ಆಫೀಸು ಹುಡುಕಿ, ಇದು ನನ್ನ ನೇರ ಸಲಹೆ. ಅಲ್ಲಿ ತಿದ್ದಲು ನಾಲ್ಕಾರು ಹಿರಿಯರು ಇರುತ್ತಾರೆ, ಸೈಟಿಗೂ ಕಳಿಸುತ್ತಾರೆ, ಯಜಮಾನರ ಹತ್ತಿರ ಮಾತಾಡಲು ಅಪಾಯಿಂಟ್‌ಮೆಂಟ್ ಬೇಡ.

ಹೆಸರುವಾಸಿ ಆರ್ಕಿಟೆಕ್ಟಿನ ಆಫೀಸು

ಇದನ್ನು ಬೇರೆಯಾಗಿಯೇ ಹೇಳಬೇಕು. 1910ರ ಸುಮಾರಿಗೆ ಬರ್ಲಿನ್ ಹತ್ತಿರದ ಪೀಟರ್ ಬೆಹ್ರೆನ್ಸ್ ಆಫೀಸಿನಲ್ಲಿ ವಾಲ್ಟರ್ ಗ್ರೋಪಿಯಸ್, ಮೀಸ್ ವಾನ್ ಡೆರ್ ರೋಹೆ, ಲೆ ಕಾರ್ಬುಸಿಯೆ ಮೂವರೂ ಕೆಲಸ ಮಾಡಿದ್ದರು, ಮುಂದೆ ಮೂವರೂ ಆಧುನಿಕ ಆರ್ಕಿಟೆಕ್ಚರ್‌ನ ದೊಡ್ಡ ಹೆಸರುಗಳಾದರು. ನಮ್ಮ ದೇಶದ ಆರ್ಕಿಟೆಕ್ಟ್ ಬಿ.ವಿ. ದೋಶಿ 1951ರಲ್ಲಿ ಪ್ಯಾರಿಸ್ಸಿನಲ್ಲಿ ಲೆ ಕಾರ್ಬುಸಿಯೆ ಆಫೀಸು ಸೇರಿದರು, ಆಮೇಲೆ ಅಹಮದಾಬಾದಿಗೆ ಬಂದು ಅಲ್ಲಿ ಲೆ ಕಾರ್ಬುಸಿಯೆ ಡಿಸೈನ್ ಮಾಡಿದ ಕಟ್ಟಡಗಳ ಮೇಲ್ವಿಚಾರಣೆ ನೋಡಿಕೊಂಡರು, 2018ರಲ್ಲಿ ಆರ್ಕಿಟೆಕ್ಚರ್‌ನ ಅತಿ ದೊಡ್ಡ ಗೌರವ ಅನ್ನಿಸಿಕೊಂಡ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ದೊಡ್ಡವರ ಹತ್ತಿರ ಇದ್ದರೆ ಏನು ಸಿಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ದೋಶಿಯವರ ವಿಷಯದಲ್ಲಿ ಒಂದನ್ನು ಗಮನಿಸಿ: ಅವರಿಗೆ ಗುರುವಿನ ಕೋಣೆಯೂ ಸಿಕ್ಕಿತು, ಸೈಟೂ ಸಿಕ್ಕಿತು.

ಈಗಿನ ಹೆಸರುವಾಸಿ ಆಫೀಸಿಗೆ ಸೇರುವವರಲ್ಲಿ ಎಷ್ಟೋ ಜನಕ್ಕೆ ಸಿಗುವುದು ಕಾಂಪಿಟಿಷನ್ ಮಾಡೆಲ್ ಕತ್ತರಿಸುವ ಕೆಲಸ, ಮಧ್ಯರಾತ್ರಿಯವರೆಗೆ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಬಗ್ಗೆ ನನ್ನ ನಿಲುವು ಖಚಿತ: ಬೇಡ. ನಿಮ್ಮ ಕೆಲಸದಿಂದ ಆಫೀಸು ಕ್ಲೈಂಟಿನಿಂದ ಹಣ ಪಡೆಯುತ್ತದೆ ಅಂದರೆ ಅದರಲ್ಲಿ ನಿಮಗೂ ಪಾಲಿದೆ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ ತನ್ನ ಆ ವರ್ಷದ ಪೆವಿಲಿಯನ್‌ಗೆ (ಬೇಸಿಗೆಯ ತಾತ್ಕಾಲಿಕ ಮಂಟಪ) ಕೆಲಸ ಮಾಡುವ ಎಲ್ಲರಿಗೂ ಸಂಬಳ ಕೊಡಲೇಬೇಕು ಅಂತ ಡಿಸೈನ್ ಮಾಡುವ ಆಫೀಸಿಗೆ ತಿಳಿಸಿತ್ತು. ಹೊರಗಿನವರು ಹೇಳಬಹುದಾದರೆ ಸೇರುವವರು ನೀವೂ ಕೇಳಬಹುದು. ಸಂಬಳ ಇಲ್ಲದೆ ಇರಬಲ್ಲವರು ಮನೆಯಲ್ಲಿ ಅನುಕೂಲ ಇರುವವರು ಮಾತ್ರ. ಉಳಿದ ಜಾಣ ಹುಡುಗ ಹುಡುಗಿಯರಿಗೆ ಆ ಬಾಗಿಲೇ ಮುಚ್ಚಿಹೋಗುತ್ತದೆ, ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಸೈಟು, ಕಂಟ್ರಾಕ್ಟರ್, ಬಿಲ್ಡರ್

ಕ್ಲಾಸ್‌ಮೇಟುಗಳು ಡಿಸೈನ್ ಆಫೀಸು ಸೇರುವಾಗ ನೀವೊಬ್ಬರೇ ಕಂಟ್ರಾಕ್ಟರ್ ಹತ್ತಿರ ಹೋದರೆ ಏನೋ ಕಳೆದುಕೊಂಡ ಹಾಗೆ ಅನಿಸಬಹುದು. ಹಾಗೇನೂ ಇಲ್ಲ. ಚೀನಾದ ವಾಂಗ್ ಶೂ 1990ರ ದಶಕದಲ್ಲಿ ವರ್ಷಗಟ್ಟಲೆ ಕಸುಬುದಾರರ ಜೊತೆ ಕಟ್ಟಡದ ಕೆಲಸದಲ್ಲೇ ಇದ್ದರು, 2012ರಲ್ಲಿ ಪ್ರಿಟ್ಜ್‌ಕರ್ ಅವರಿಗೆ ಬಂತು. ಸೆಂಟ್ರಿಂಗ್ ಯಾವ ಕ್ರಮದಲ್ಲಿ ಬಿಚ್ಚುತ್ತಾರೆ, ಕಂಬಿ ಒತ್ತೊತ್ತಾಗಿ ಬಂದ ಕಡೆ ಕಾಂಕ್ರೀಟ್ ಯಾಕೆ ಇಳಿಯುವುದಿಲ್ಲ, ಪ್ಯಾರಪೆಟ್ಟಿನ ಬುಡದಲ್ಲಿ ವಾಟರ್‌ಪ್ರೂಫಿಂಗ್ ಎಷ್ಟು ಮೇಲೆ ಹತ್ತಿಸಬೇಕು, ಇದನ್ನು ಕಣ್ಣಾರೆ ನೋಡಿದವರ ಡ್ರಾಯಿಂಗಿನಲ್ಲಿ ಗೆರೆಗೆ ಅರ್ಥ ಇರುತ್ತದೆ. ಮೇಸ್ತ್ರಿ ನಿಮ್ಮ ಡ್ರಾಯಿಂಗ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ, ಆ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ. ಹತ್ತಿರ ಹೋಗಿ ಕೇಳಿ, ಮುಂದಿನ ಹಾಳೆಯಲ್ಲಿ ಅದು ಇರುತ್ತದೆ.

ಸಂಬಳವೂ ಸಾಮಾನ್ಯವಾಗಿ ಡಿಸೈನ್ ಆಫೀಸಿಗಿಂತ ಕಡಿಮೆ ಇರುವುದಿಲ್ಲ. ತೊಂದರೆ ಅಂದರೆ ಡಿಸೈನ್ ಕೈ ಜಡ್ಡುಗಟ್ಟುತ್ತದೆ, ಎರಡು ವರ್ಷ ದಾಟಿದ ಮೇಲೆ ವಾಪಸ್ಸು ಬರಲು ಪೋರ್ಟ್‌ಫೋಲಿಯೋ ಇರುವುದಿಲ್ಲ. ಹೆಣ್ಣುಮಕ್ಕಳಿಗೆ ಎಷ್ಟೋ ಸೈಟುಗಳಲ್ಲಿ ಸರಿಯಾದ ಶೌಚಾಲಯವೂ ಇರುವುದಿಲ್ಲ. ಸೇರುವ ಮುಂಚೆ ಸೈಟು ನೋಡಿ ಬನ್ನಿ, ಅದನ್ನು ಕೇಳುವುದು ನಿಮ್ಮ ಹಕ್ಕು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ, ಅಷ್ಟು ಇದ್ದು ಆಫೀಸಿಗೆ ಬಂದರೆ ಇದಕ್ಕಿಂತ ಗಟ್ಟಿ ಆರಂಭ ಇಲ್ಲ ಅಂತ ನನ್ನ ನಂಬಿಕೆ.

ಸರ್ಕಾರಿ ಇಲಾಖೆ, ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯ ಕೆಲಸ ಕೂಡ ಇದೇ ಸಾಲಿಗೆ ಬರುತ್ತದೆ. ಅಲ್ಲಿ ನಿಧಾನ ಜಾಸ್ತಿ, ಕಡತಗಳೂ ಜಾಸ್ತಿ. ಆದರೆ ಸ್ವಿಟ್ಜರ್ಲೆಂಡಿನ ಪೀಟರ್ ಜುಮ್ಥೋರ್ ಮೊದಲು ಮರಗೆಲಸ ಕಲಿತವರು, ಆಮೇಲೆ ಗ್ರಾಬ್ಯುಂಡನ್ ಪ್ರಾಂತ್ಯದ ಸ್ಮಾರಕ ಸಂರಕ್ಷಣೆ ಇಲಾಖೆಯಲ್ಲಿ ಸುಮಾರು ಹತ್ತು ವರ್ಷ ದುಡಿದು 1979ರಲ್ಲಿ ಸ್ವಂತ ಆಫೀಸು ತೆರೆದರು. ಹಳೆಯ ಕಟ್ಟಡ ಎಲ್ಲಿ ಸೋರಿದೆ, ಎಲ್ಲಿ ನಿಂತಿದೆ ಅಂತ ದಿನವೂ ನೋಡುವ ಕೆಲಸ ಅದು.

ಮಾಸ್ಟರ್ಸ್

ಕೆಲಸ ಮಾಡದೆ ನೇರವಾಗಿ ಮಾಸ್ಟರ್ಸ್‌ಗೆ ಹೋಗಿ ಅಂತ ಹೆಚ್ಚಿನವರಿಗೆ ನಾನು ಹೇಳುವುದಿಲ್ಲ. ಎರಡು ವರ್ಷ ದುಡಿದವರಿಗೆ ತಮಗೆ ಯಾವುದರಲ್ಲಿ ಆಸಕ್ತಿ ಅಂತ ಗೊತ್ತಿರುತ್ತದೆ: ನಗರ ವಿನ್ಯಾಸವಾ, ಲ್ಯಾಂಡ್‌ಸ್ಕೇಪಾ, ಸಂರಕ್ಷಣೆಯಾ, ಕಟ್ಟಡದ ಶಾಖ ಬೆಳಕಿನ ವಿಜ್ಞಾನವಾ. ಗೊತ್ತಿಲ್ಲದೆ ಸೇರಿದರೆ ಸುಮ್ನೆ ಡಿಗ್ರಿಯ ಸ್ಟುಡಿಯೋವನ್ನೇ ಇನ್ನೊಂದು ಊರಿನಲ್ಲಿ, ಇನ್ನಷ್ಟು ಸಾಲ ಮಾಡಿ ಮುಂದುವರಿಸಿದ ಹಾಗೆ. ಪಾಠ ಮಾಡುವ ಆಸೆ ಇದ್ದವರಿಗೆ, ಅಥವಾ ನಿಮ್ಮ ಡಿಗ್ರಿ ಇನ್ನೊಂದು ದೇಶದಲ್ಲಿ ಲೈಸೆನ್ಸಿಗೆ ಸಾಲದು ಅನ್ನುವ ಸ್ಥಿತಿ ಇದ್ದವರಿಗೆ ಮಾತು ಬೇರೆ. ಅಂಥವರು ಬೇಗ ಹೋಗುವುದೇ ಸರಿ, ಆದರೆ ಆ ಕೋರ್ಸಿಗೆ ಲೈಸೆನ್ಸಿನ ಮಾನ್ಯತೆ ಇದೆಯಾ ಅಂತ ಅರ್ಜಿ ಹಾಕುವ ಮುಂಚೆ ನೋಡಬೇಕು. ಮಾನ್ಯತೆ ಇಲ್ಲದ ಮಾಸ್ಟರ್ಸ್ ಕೋರ್ಸುಗಳು ಬೇಕಾದಷ್ಟಿವೆ.

ಸ್ವಂತ ಆಫೀಸು

ಜಪಾನಿನ ಹೆಸರಾಂತ ಆರ್ಕಿಟೆಕ್ಟ್ ಟಡಾವೊ ಆಂಡೊ ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಓದದೆಯೇ 1969ರಲ್ಲಿ ಒಸಾಕಾದಲ್ಲಿ ಆಫೀಸು ತೆರೆದರು. ಮಾಯಾ ಲಿನ್ 1981ರಲ್ಲಿ, 21ನೇ ವಯಸ್ಸಿನಲ್ಲಿ, ಇನ್ನೂ ಓದುತ್ತಿರುವಾಗಲೇ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಸ್ಪರ್ಧೆ ಗೆದ್ದರು. ಅದಕ್ಕೆ ಬಂದಿದ್ದ ಡಿಸೈನುಗಳು 1421. ಗೆದ್ದ ಒಬ್ಬರನ್ನು ನೋಡುವಾಗ ಉಳಿದ 1420 ಡಿಸೈನುಗಳಿಗೆ ಹಾಕಿದ ಶ್ರಮವೂ ಕಣ್ಣ ಮುಂದೆ ಇರಲಿ. ಜಹಾ ಹದೀದ್ 1980ರಲ್ಲಿ ಸ್ವಂತ ಆಫೀಸು ಶುರು ಮಾಡಿದರು. ಅವರಿಗೆ ಹೆಸರು ತಂದ ಮೊದಲ ದೊಡ್ಡ ಕಟ್ಟಡ, ಜರ್ಮನಿಯ ವಿಟ್ರಾ ಅಗ್ನಿಶಾಮಕ ಠಾಣೆ, ಮುಗಿದದ್ದು 1993ರಲ್ಲಿ. ಅಷ್ಟು ವರ್ಷ ತಡೆದುಕೊಳ್ಳುವ ಶಕ್ತಿ, ಬಾಡಿಗೆ ಕಟ್ಟುವ ಇನ್ನೊಂದು ದಾರಿ, ಎರಡೂ ಬೇಕು.

ಗೊತ್ತಿರುವವರ ಮನೆ ಒಂದು ಸಿಕ್ಕಿತು ಅಂತ ಕೆಲಸ ಬಿಟ್ಟು ಶುರು ಮಾಡಬೇಡಿ. ಒಂದು ಮನೆ ಮುಗಿದ ಮೇಲೆ ಮುಂದಿನದು ಎಲ್ಲಿಂದ ಬರುತ್ತದೆ ಅನ್ನುವುದಕ್ಕೆ ಉತ್ತರ ಇರಬೇಕು. ಕಟ್ಟಡದಲ್ಲಿ ಏನಾದರೂ ಎಡವಟ್ಟಾದರೆ ಹೊಣೆ ಸಹಿ ಹಾಕಿದವರದ್ದು, ಅದೂ ಹಣ ಬಂದು ಖರ್ಚಾಗಿ ವರ್ಷಗಳಾದ ಮೇಲೆ. ಕೆಲಸದಲ್ಲಿರುವಾಗಲೇ ಪಕ್ಕದಲ್ಲಿ ಸ್ವಂತ ಪ್ರಾಜೆಕ್ಟ್ ಮಾಡುವುದಾದರೆ ನೇಮಕಾತಿ ಪತ್ರದಲ್ಲಿ ಅದಕ್ಕೆ ಅವಕಾಶ ಇದೆಯಾ ನೋಡಿ. ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ಹೀಗೆ ಗುಟ್ಟಾಗಿ ಮನೆಗಳ ಡಿಸೈನ್ ಒಪ್ಪಿಕೊಂಡದ್ದು ಗೊತ್ತಾಗಿ 1893ರಲ್ಲಿ ಆಡ್ಲರ್ ಮತ್ತು ಸಲಿವನ್ ಆಫೀಸಿನಿಂದ ಹೊರಬರಬೇಕಾಯಿತು.

ಸಂಬಳ ಹೋಲಿಸುವ ರೀತಿ

ಎರಡು ಆಫರ್ ಕೈಯಲ್ಲಿದ್ದರೆ ಬರೀ ಮೊತ್ತ ನೋಡಿ ತೀರ್ಮಾನ ಮಾಡಬೇಡಿ. ಒಂದು ಕಡೆ ವಾರಕ್ಕೆ 100, ಇನ್ನೊಂದು ಕಡೆ 130 ಅಂದುಕೊಳ್ಳಿ. ಮೊದಲನೆಯದರಲ್ಲಿ ವಾರಕ್ಕೆ 45 ಗಂಟೆ, ಎರಡನೆಯದರಲ್ಲಿ 65. ಭಾಗಿಸಿ ನೋಡಿದರೆ ಗಂಟೆಗೆ 2.22 ಮತ್ತು 2. ಜಾಸ್ತಿ ಅನ್ನಿಸಿದ್ದೇ ಕಡಿಮೆ. ಉಳಿಯುವ 20 ಗಂಟೆಯಲ್ಲಿ ಪರೀಕ್ಷೆಗೆ ಓದಬಹುದು, ಸಾಫ್ಟ್‌ವೇರ್ ಕಲಿಯಬಹುದು, ನಿದ್ದೆ ಮಾಡಬಹುದು. ನಿಜವಾಗಿ ಎಷ್ಟು ಗಂಟೆ ಕೂರಿಸುತ್ತಾರೆ ಅನ್ನುವುದನ್ನು ಇಂಟರ್‌ವ್ಯೂನಲ್ಲಿ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲ. ಅಲ್ಲಿ ಕೆಲಸ ಮಾಡಿ ಬಿಟ್ಟ ಇಬ್ಬರನ್ನಾದರೂ ಹುಡುಕಿ ಮಾತಾಡಿಸಿ.

ಇಂಟರ್‌ವ್ಯೂನಲ್ಲಿ ಕೇಳಬೇಕಾದ್ದು ಬೇರೆ ಇದೆ. ನನ್ನ ಡ್ರಾಯಿಂಗ್ ಯಾರು ಚೆಕ್ ಮಾಡುತ್ತಾರೆ? ತಿಂಗಳಿಗೆ ಎಷ್ಟು ಸಲ ಸೈಟಿಗೆ ಹೋಗಬಹುದು? ನಾನು ಕೂರುವ ಪ್ರಾಜೆಕ್ಟ್ ಈಗ ಯಾವ ಹಂತದಲ್ಲಿದೆ? ಕೊನೆಯದಾಗಿ ಸೇರಿದವರು ಎಷ್ಟು ದಿನ ಇದ್ದರು? ಆಮೇಲೆ ಒಂದು ವರ್ಕಿಂಗ್ ಡ್ರಾಯಿಂಗ್ ಸೆಟ್ ನೋಡಲು ಕೊಡುತ್ತೀರಾ ಅಂತ ಕೇಳಿ. ಇದು ಎಲ್ಲಕ್ಕಿಂತ ಮುಖ್ಯ. ಹಾಳೆ ಕೈಗೆ ಬಂದರೆ ಸೀದಾ ಗೋಡೆಯ ಸೆಕ್ಷನ್‌ಗೆ ಹೋಗಿ. ಕಿಟಕಿ ಸಿಲ್‌ನ ಕೆಳಗೆ ನೀರು ತೊಟ್ಟಿಕ್ಕಿ ಬೀಳಲು ಗ್ರೂವ್ ತೋರಿಸಿದ್ದಾರಾ, ಲೆವೆಲ್ಲುಗಳು ಬರೆದಿದ್ದಾರಾ, ಯಾವ ಪದರದ ಮೇಲೆ ಯಾವ ಪದರ ಅಂತ ಹೆಸರು ಹಾಕಿದ್ದಾರಾ? ಹಾಕಿದ್ದರೆ ಅಲ್ಲಿ ಕಲಿಸುವವರು ಇದ್ದಾರೆ.

ಸೇರಿದ ಮೇಲೆ ಆರು ತಿಂಗಳಿಗೊಮ್ಮೆ ಆ ಎಂಟು ಹಂತದ ಪಟ್ಟಿ ತೆಗೆದು ಹೊಸದಾಗಿ ಯಾವುದಕ್ಕೆ ಗುರುತು ಬಿತ್ತು ನೋಡಿ. ಒಂದು ವರ್ಷ ಪೂರ್ತಿ ಒಂದೂ ಬೀಳದಿದ್ದರೆ ಮೊದಲು ಕೇಳಿ, ಆಮೇಲೆ ಹೊರಡಿ. ಹೊರಡುವಾಗ ಅನುಭವದ ಪತ್ರದಲ್ಲಿ ಪ್ರಾಜೆಕ್ಟಿನ ಹೆಸರು, ನೀವು ಮಾಡಿದ ಹಂತ, ತಾರೀಖು ಮೂರೂ ಬರೆಸಿಕೊಳ್ಳಿ. ಯಾವ ಡ್ರಾಯಿಂಗನ್ನು ಪೋರ್ಟ್‌ಫೋಲಿಯೋದಲ್ಲಿ ಹಾಕಬಹುದು ಅಂತಲೂ ಅಲ್ಲೇ ಒಪ್ಪಿಗೆ ಪಡೆದುಕೊಳ್ಳಿ, ಅದರಲ್ಲಿ ನಿಮ್ಮ ಪಾಲು ಎಷ್ಟು ಅಂತ ಪುಟದ ಮೇಲೆ ಸ್ಪಷ್ಟವಾಗಿ ಬರೆಯಿರಿ.